ಗುಂಡಿನೊಳಗಿನ ಗುಂಡು

ಇಳಕಲ್ಲಿನ ನಮ್ಮ ಓಣಿಯಲ್ಲಿ ಕಾಳಪ್ಪ ಬಡಿಗೇರನಷ್ಟು ಜಂಬದ ಮನುಷ್ಯ ಇನ್ನೊಬ್ಬನಿಲ್ಲ. ಜಂಬಕ್ಕೆ ಕಾರಣವೂ ಉಂಟು, ಒಪ್ಪಿಕೊಳ್ಳಲು ಎದುರುಮನೆಯವನಾದ ನನಗೆ ಹೊಟ್ಟೆಕಿಚ್ಚು ಅಷ್ಟೆ. ಲಟ್ಟಣಿಗೆ, ಬುಗುರಿ, ಮಂಚದ ಕಾಲು ಯಾರಾದರೂ ಕಡೆದಾರು. ಕಾಳಪ್ಪ ಹಾಲೆಮರದ ಒಂದೇ ತುಂಡಿನಲ್ಲಿ ಗುಂಡು, ಅದರೊಳಗೊಂದು ಗುಂಡು, ಅದರೊಳಗೆ ಮತ್ತೊಂದು, ಎಲ್ಲವೂ ಬಿಡಿಬಿಡಿಯಾಗಿ ಉರುಳಾಡುವಂತೆ ಕಡೆಯುತ್ತಾನೆ. ಅಂಟು ಹಾಕಿ ಜೋಡಿಸುವ ಮಾತೇ ಇಲ್ಲ. ಹೊರಗಿನ ಗುಂಡಿಗೆ ಸುತ್ತಲೂ ತೂತು ಕೊರೆದು, ತೂತಿನಲ್ಲಿ ಡೊಂಕು ಉಳಿ ತೂರಿಸಿ, ಒಳಗಿನದನ್ನು ಬಿಡಿಸಬೇಕು. ಉಳಿಯ ತುದಿ ಕಣ್ಣಿಗೆ ಕಾಣದು. ಕಟ್ಟಿಗೆ ಎಷ್ಟು ಉಳಿಯಿತೆಂದು ಅವನು ಸಪ್ಪಳ ಕೇಳಿಯೇ ತಿಳಿಯುತ್ತಿದ್ದ.

ಮೊಮ್ಮಗು ಹುಟ್ಟಿದರೆ ತೊಟ್ಟಿಲಿಗೆ ಅಜ್ಜ ಇಂಥ ಗುಂಡು ಕಟ್ಟುವುದು ಅವರ ಮನೆತನದ ಪದ್ಧತಿ. ಮಗಳು ರಾಜಶ್ರೀ ಬಾಣಂತನಕ್ಕೆ ಬಂದಿದ್ದಳು, ಕೂಸಿಗೆ ಹೆಸರಿಡುವ ದಿನ ಹತ್ತಿರ ಬಂದಿತ್ತು. ಕಾಳಪ್ಪ ಒಂದು ಗುಂಡು ಕೆಡಿಸಿದ. ಉಳಿ ಹದ ಮೀರಿ ಹೊರಗಿನ ಗೋಡೆಯೇ ಒಡೆದು ಬಂತು. "ಕಟ್ಟಿಗಿ ಹಸಿ ಐತಿ" ಅಂದ. ಇನ್ನೊಂದೂ ಕೆಟ್ಟಿತು. ಪಕ್ಕದ ಮನೆಯ ಪವರ್‌ಲೂಮಿನ ಗದ್ದಲವನ್ನು ಬಾಯಿಗೆ ಬಂದಂತೆ ಬೈದ. ಪವರ್‌ಲೂಮು ಅವತ್ತು ಬಂದ್ ಇತ್ತು. ಕಾಳಪ್ಪನ ಕಿವಿ ಹೋಗಿದೆ ಅನ್ನುವುದು ಆಗ ಓಣಿಗೆಲ್ಲ ಗೊತ್ತಾಯಿತು.

ಹೆಂಡತಿ ಮಹಾನಂದಾಗೆ ಮೊದಲೇ ಗೊತ್ತಿತ್ತು, ಬಾಯಿ ಬಿಟ್ಟಿರಲಿಲ್ಲ. ಆಕೆ ಅಟ್ಟದಿಂದ ಹಗ್ಗ ಎಳೆದು ತಿರುಗಿಸುವ ಹಳೆಯ ಲೇಥು ಇಳಿಸಿದಳು. ಕರೆಂಟಿನದು ಬರುವ ಮೊದಲು ಆ ಹಗ್ಗ ಎಳೆಯುತ್ತಿದ್ದವಳು ಆಕೆಯೇ.

"ಯಾಕ ಇದು?" ಕಾಳಪ್ಪ ಸಿಡುಕಿದ.

ಆಕೆ ಅವನ ಎದುರಿಗೆ ಕೂತು ಗಟ್ಟಿಯಾಗಿ ಹೇಳಿದಳು: "ನಾ ಎಳಿತೇನಿ, ನೀವು ಉಳಿ ಹಿಡೀರಿ. ಕಟ್ಟಿಗಿ ಇರೂತನಕ ಹಗ್ಗ ಜಗ್ಗತೈತಿ, ಒಳಗಿಂದು ಬಿಡೂ ಹೊತ್ತಿಗೆ ಹಗೂರ ಆಗತೈತಿ. ನನ್ನ ಕೈ ನಿಂತ್ರ ನೀವೂ ನಿಂದರ್‍ರಿ."

ಹೆಂಡತಿಯ ಕೈ ನೋಡಿ ಕಡೆಯುವುದು ಅವನ ಜಂಬಕ್ಕೆ ಎಲ್ಲಿ ಹಿಡಿಸೀತು? ಆದರೆ ಇದೂ ಕೆಟ್ಟರೆ ಮೊಮ್ಮಗಳ ತೊಟ್ಟಿಲು ಬರಿದಾಗೇ ಉಳಿಯುತ್ತಿತ್ತು. ಬಾಯಿ ಮುಚ್ಚಿಕೊಂಡು ಕೂತ. ಆಕೆಯ ಕೈ ನಿಂತಲ್ಲೆಲ್ಲ ಅವನ ಉಳಿ ನಿಂತಿತು. ನಡುವಿನ ಗುಂಡು ಬಿಟ್ಟುಕೊಳ್ಳುವಷ್ಟರಲ್ಲಿ ಮಹಾನಂದಾಳ ಅಂಗೈ ತುಂಬ ಬೊಬ್ಬೆ ಎದ್ದಿದ್ದವು.

ಹೆಸರಿಡುವ ದಿನ ಗುಂಡನ್ನು ತೊಟ್ಟಿಲ ಹಗ್ಗಕ್ಕೆ ಕಟ್ಟಿದರು. ತೂಗಿದೊಡನೆ ಕಟಕಟ ಅಂದಿತು. ಅಳುತ್ತಿದ್ದ ಕೂಸು ಗಕ್ಕನೆ ಸುಮ್ಮನಾಯಿತು. ಎಲ್ಲರೂ ನಕ್ಕೆವು. ನಮ್ಮ ಮುಖ ನೋಡಿ ಕಾಳಪ್ಪನೂ ನಕ್ಕ, ತುಸು ತಡವಾಗಿ.

ಆಮೇಲೆ ಎಲ್ಲರೆದುರಿಗೇ ಹೆಂಡತಿಯನ್ನು ಕೇಳಿದ: "ಸಪ್ಪಳ ಬರಾಕತ್ತೈತೇನ? ನನಗ ಕೇಳಸವಲ್ದು."

ಕಿವಿ ಕೇಳದೆಂಬ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಮಹಾನಂದಾ ಅರಿಸಿನ ಹಚ್ಚಿದ ಅಂಗೈಯಲ್ಲಿ ಅವನ ಕೈ ಹಿಡಿದು, ಗುಂಡು ಕಟ್ಟಿದ ಹಗ್ಗದ ಮೇಲಿಟ್ಟು, ತೊಟ್ಟಿಲು ತೂಗಿದಳು.

ಅವನು ಕಣ್ಣು ಮುಚ್ಚಿದ.

"ಒಳಗಿನವು ಎರಡೂ ಉರುಳ್ಯಾಡಾಕತ್ತಾವ" ಅಂದ. ಮೊಮ್ಮಗಳು ನಿದ್ದೆ ಹೋದ ಮೇಲೂ ಆ ಹಗ್ಗ ಬಿಡಲಿಲ್ಲ.