ನೀಲಾಬಾಯಿ ಮರಳಿಗೆ ಗಂಜಿ ಕುಡಿಸಿದ್ದು

ನೀಲಾಬಾಯಿ ಇಳಕಲ್ಲಿನ ನೇಕಾರರ ಮನೆಯ ಮಗಳು. ಏಳನೇ ಇಯತ್ತೆ ಮುಗಿಯುವ ಹೊತ್ತಿಗೆ ಸೀರೆಯ ನೂಲಿಗೆ ಗಂಜಿ ಹಚ್ಚುವ ಕೆಲಸವೆಲ್ಲ ಅವಳ ಕೈಗೆ ಬಂದಿತ್ತು. ಶಂಕರಲಿಂಗನನ್ನು ಮದುವೆಯಾಗಿ ಬಾಗಲಕೋಟೆಗೆ ಬಂದಳು. ಆ ಮನೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಡೆಯಾದ ಮೇಲೆ ಇಬ್ಬರೂ ನವನಗರ ಸೇರಿದರು. ಅಲ್ಲಿ ಮಗ್ಗ ಹೂಡಲು ಜಾಗವಿರಲಿಲ್ಲ. ಎರಡು ಸಾವಿರದ ಒಂದರಲ್ಲಿ ಅವಳು ಒಂದು ಇಂಜಿನಿಯರಿಂಗ್ ಕಾಲೇಜಿನ ಮಣ್ಣು ಪರೀಕ್ಷೆಯ ಲ್ಯಾಬಿಗೆ ಅಟೆಂಡರಾಗಿ ಸೇರಿದಳು. ಜರಡಿ ತೊಳೆಯುವುದು, ಮರಳು ಒಣಗಿಸುವುದು, ಗಾಜು ಒರೆಸುವುದು, ಇಷ್ಟೇ ಕೆಲಸ.

ಆರು ವರ್ಷದ ಮೇಲೆ ಅಲ್ಲಿಗೆ ಬಸವೇಶ್ವರಿ ಎಂಬ ಅಧ್ಯಾಪಕಿ ಬಂದರು. ಮಣ್ಣಿನಲ್ಲಿರುವ ಒಂದು ಜಾತಿಯ ಬ್ಯಾಕ್ಟೀರಿಯಾ ಯೂರಿಯಾ ತಿಂದು ಒಡೆಯುತ್ತದೆ, ಅದರ ಜೊತೆ ಕ್ಯಾಲ್ಸಿಯಂ ಉಪ್ಪು ಕೊಟ್ಟರೆ ಮರಳಿನ ಕಾಳುಗಳ ನಡುವೆ ಸುಣ್ಣದ ಹರಳು ಕಟ್ಟುತ್ತದೆ, ಸಂದು ಮುಚ್ಚಿದ ಮರಳಿನಲ್ಲಿ ನೀರು ಇಳಿಯುವುದಿಲ್ಲ ಎಂದು ಅವರು ಬಿಡಿಸಿ ಹೇಳಿದಾಗ ನೀಲಾಬಾಯಿ ಒಳಗೊಳಗೇ ನಕ್ಕಿದ್ದಳು. ಕಣ್ಣಿಗೆ ಕಾಣದ ಹುಳ ಗಾರೆ ಮೆತ್ತಿ ಗಿಲಾಯಿ ಮಾಡುವುದೆಂದರೇನು? ಆದರೆ ಮೇಡಂ ದಿನವೂ ಊಟ ಮರೆತು ಕೂಡುವುದನ್ನು ಕಂಡು ಅವಳ ನಗು ನಿಂತಿತು.

ಮರಳು ತುಂಬಿ, ಮೇಲಿನಿಂದ ಬ್ಯಾಕ್ಟೀರಿಯಾ, ಯೂರಿಯಾ, ಉಪ್ಪು ಎಲ್ಲ ಕೂಡಿಸಿ ಸುರಿದ ಹನ್ನೊಂದು ಕೊಳವೆ ಮೂರು ತಿಂಗಳಲ್ಲಿ ಕೆಟ್ಟವು. ಪ್ರತಿ ಸಲವೂ ಒಂದೇ ಕಥೆ. ಮೇಲಿನ ಒಂದು ಬೆರಳು ಮರಳು ಕಲ್ಲಾಗುತ್ತಿತ್ತು, ಕೆಳಗಿನದು ಕೊಳವೆ ಬಿಚ್ಚಿದ ಕೂಡಲೇ ಸುರಿದು ಹೋಗುತ್ತಿತ್ತು. ತಿಂಗಳ ಕೊನೆಗೆ ಈ ಸಂಶೋಧನೆ ಎಲ್ಲಿಗೆ ಬಂತೆಂದು ನೋಡಲು ಧಾರವಾಡದಿಂದ ಪರೀಕ್ಷಕರು ಬರುವವರಿದ್ದರು. ಅಷ್ಟರೊಳಗೆ ಏನೂ ಆಗದಿದ್ದರೆ ಈ ಕೆಲಸ ನಿಲ್ಲಿಸಬೇಕೆಂದು ವಿಭಾಗದ ಮುಖ್ಯಸ್ಥರು ಹೇಳಿಬಿಟ್ಟರು.

ಹನ್ನೊಂದನೆಯ ಕೊಳವೆ ತೊಳೆಯುತ್ತಿದ್ದ ನೀಲಾಬಾಯಿ ಆ ಗಟ್ಟಿ ಬಿಲ್ಲೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಇಂಥದನ್ನು ಅವಳು ನೂಲಿನಲ್ಲಿ ಕಂಡಿದ್ದಳು. ಹೇಳಲೋ ಬೇಡವೋ ಎಂದು ಒಂದು ಗಳಿಗೆ ಹಿಂಜರಿದು, ಕೈ ಒರೆಸಿಕೊಂಡು ಮೇಜಿನ ಹತ್ತಿರ ಹೋದಳು.

"ಮೇಡಮ್ಮಾರ, ಎಲ್ಲಾನೂ ಕೂಡ್ಸಿ ಒಮ್ಮಿಗೇ ಸುರುವಾಕ ಹತ್ತೀರಿ. ದಪ್ಪ ಗಂಜಿ ಹಂಗ ಸುರುವಿದ್ರ ನೂಲಿನ ಮ್ಯಾಲಷ್ಟ ಕೂಡ್ತೈತ್ರಿ, ಒಳಗ ಇಳಿಯೂದಿಲ್ಲ. ನಾವು ಮೊದಲ ನೂಲು ನೆನಸ್ತಿದ್ವಿ. ಆಮ್ಯಾಲ ತಿಳಿ ಗಂಜಿ, ತಡದು ತಡದು ಕುಡಸ್ತಿದ್ವಿ."

ಬಸವೇಶ್ವರಿ ತಲೆ ಎತ್ತಿದರು. ಅವಳನ್ನು ಕೂಡಿಸಿಕೊಂಡು ಗಂಜಿಯ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಸಿದರು. ಹುಳಗಳನ್ನು ಮೊದಲು ಬಿಟ್ಟು ಅವು ಮರಳಿಗೆ ಅಂಟಿಕೊಳ್ಳುವವರೆಗೆ ಕಾಯೋಣ, ಆಮೇಲೆ ಯೂರಿಯಾ ಮತ್ತು ಕ್ಯಾಲ್ಸಿಯಂ ತೆಳ್ಳಗೆ ಮಾಡಿ, ಪಂಪು ಹಚ್ಚಿ ಕೆಳಗಿನಿಂದ ತಡೆದು ತಡೆದು ಏರಿಸೋಣ ಎಂದು ಇಬ್ಬರೂ ಕೂಡಿ ನಿಶ್ಚಯಿಸಿದರು. ಕುಡಿಸುವ ಕೆಲಸ ನೀಲಾಬಾಯಿಯದೇ ಆಯಿತು.

ಮೂರನೆಯ ದಿನ ಲ್ಯಾಬಿನ ತುಂಬ ದನದ ಕೊಟ್ಟಿಗೆಯ ನಾತ ಎದ್ದಿತು. ಉಳಿದವರು ಮೂಗು ಮುಚ್ಚಿಕೊಂಡರೆ ಅವಳಿಗೆ ಜೀವ ಬಂದಂತಾಯಿತು. ಅದು ಅಮೋನಿಯಾ, ಹುಳಗಳು ಯೂರಿಯಾ ಒಡೆಯುತ್ತಿವೆ ಎಂಬುದರ ಗುರುತು ಎಂದು ಮೇಡಂ ಹೇಳಿಕೊಟ್ಟಿದ್ದರು. ಒಂಬತ್ತನೆಯ ದಿನ ಮರಳಿನ ಸಂದು ಮುಚ್ಚುತ್ತ ಬಂದು ಪಂಪಿಗೆ ದ್ರವ ಏರಿಸುವುದು ಕಷ್ಟವಾಯಿತು. ಅವಳು ಪ್ರಮಾಣ ಇನ್ನೂ ಇಳಿಸಿದಳು, ಕುಡಿಸುವುದನ್ನು ಮಾತ್ರ ಬಿಡಲಿಲ್ಲ.

ಪರೀಕ್ಷಕರು ಬಂದ ದಿನ ಅವರ ಎದುರಿಗೇ ಕೊಳವೆಯಲ್ಲಿ ನೀರು ತುಂಬಿದರು. ಬರಿ ಮರಳಿನಲ್ಲಿ ಆ ನೀರು ಇಪ್ಪತ್ತು ಸೆಕೆಂಡಿಗೆ ಇಳಿದುಹೋಗುತ್ತಿತ್ತು. ಈಗ ಹತ್ತು ನಿಮಿಷವಾಯಿತು, ಅರ್ಧ ತಾಸಾಯಿತು, ನೀರು ಅಳತೆಯ ಎರಡು ಗೆರೆಯಷ್ಟೇ ಇಳಿದಿತ್ತು. ಬಸವೇಶ್ವರಿ ಕೊಳವೆಯನ್ನು ಉದ್ದಕ್ಕೆ ಸೀಳಿದರು. ಮೇಲಿನಿಂದ ಕೆಳಗಿನವರೆಗೆ ಮರಳು ಒಂದೇ ಕಂಬವಾಗಿ ನಿಂತಿತ್ತು. ನೀಲಾಬಾಯಿ ಅದರ ಬುಡವನ್ನು ಉಗುರಿನಿಂದ ಕೆರೆದು ನೋಡಿದಳು. ಒಂದು ಕಾಳೂ ಉದುರಲಿಲ್ಲ.

ಈ ಕ್ರಮ ಯಾರು ಹೇಳಿದ್ದೆಂದು ಪರೀಕ್ಷಕರು ಕೇಳಿದರು. ಬಸವೇಶ್ವರಿ ಅವಳ ಭುಜ ಹಿಡಿದು ಮುಂದೆ ತಂದು ನಿಲ್ಲಿಸಿದರು. ಇಷ್ಟು ತಡೆದು ಕೊಡುವುದೇಕೆ ಎಂದು ಪರೀಕ್ಷಕರು ಕೇಳಿದ್ದಕ್ಕೆ ನೀಲಾಬಾಯಿ ಅಂಜದೆ ಹೇಳಿದಳು:

"ಅವಸರ ಮಾಡಿದ್ರ ಬಾಯಿ ಕಟ್ಟತೈತ್ರಿ. ಬಾಯಿ ಕಟ್ಟಿದ ಮ್ಯಾಲ ಹೊಟ್ಟಿಗೆ ಹೆಂಗ ಹೋಗಬೇಕ್ರಿ?"

ಅವರು ನಗಲಿಲ್ಲ. ಆ ಮಾತನ್ನು ಹಾಗೆಯೇ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಕೆಲಸ ಮುಂದುವರಿಯಿತು. ಕಾಲೇಜಿನ ಹಿಂದೆ ತಳಕ್ಕೂ ಬದಿಗೂ ಮಲಪ್ರಭೆಯ ಮರಳು ಹಾಸಿ ಒಂದು ಸಣ್ಣ ಹೊಂಡ ಮಾಡಿದರು. ತಿಂಗಳುಗಟ್ಟಲೆ ಅದೇ ಕ್ರಮದಲ್ಲಿ ಕುಡಿಸಿ, ಅಮೋನಿಯಾ ತೊಳೆದು ತೆಗೆದು, ನೀರು ತುಂಬಿದರು. ಬಿಸಿಲಿಗೆ ಎಷ್ಟು ಆರುತ್ತದೆಂದು ಅಳೆಯಲು ಪಕ್ಕದಲ್ಲಿ ಒಂದು ತಗಡಿನ ಬೋಗುಣಿ ಇಟ್ಟರು. ಹದಿನೈದು ದಿನ ಕಳೆದು ನೋಡಿದರೆ ಬೋಗುಣಿಯಲ್ಲಿ ಇಳಿದದ್ದಕ್ಕೂ ಹೊಂಡದಲ್ಲಿ ಇಳಿದದ್ದಕ್ಕೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ; ನೀರು ಬಿಸಿಲಿಗೆ ಆರಿತ್ತೇ ಹೊರತು ನೆಲಕ್ಕೆ ಇಂಗಿರಲಿಲ್ಲ.

ಅಚ್ಚಾಗಿ ಬಂದ ವರದಿಯ ಮೊದಲ ಪುಟದಲ್ಲಿ ಬಸವೇಶ್ವರಿಯ ಹೆಸರಿನ ಕೆಳಗೆ ಅವಳ ಹೆಸರೂ ಇತ್ತು. ಶಂಕರಲಿಂಗ ಅದನ್ನು ಓಣಿಯವರಿಗೆಲ್ಲ ಓದಿ ಹೇಳಿದ. ಮರುವರ್ಷ ಹೊಸ ವಿದ್ಯಾರ್ಥಿಗಳು ಕೊಳವೆ ಹಿಡಿದು ಬಂದಾಗ ಮೇಡಂ ಅವರನ್ನು ನೇರವಾಗಿ ನೀಲಾಬಾಯಿಯ ಕಡೆಗೆ ಕಳಿಸಿದರು. ಅವಳು ಸೆರಗು ಸಿಕ್ಕಿಸಿಕೊಂಡು, ಒಬ್ಬೊಬ್ಬರ ಕೊಳವೆಯನ್ನೂ ಬೆಳಕಿಗೆ ಹಿಡಿದು ನೋಡಿ, ಯಾರು ಇನ್ನೊಂದು ದಿನ ಕಾಯಬೇಕೆಂದು ಹೇಳತೊಡಗಿದಳು.