ಮೊಳೆ ಹೊಡೆದ ಪೆಟ್ಟಿಗೆಗೆ ಒಂದು ಪ್ರಾರ್ಥನೆ

ಬೆಳಕು ಹರಿಯುವ ಮೊದಲೇ ಲಾರಿ ಬಂದಿದೆ. ಸಿಪಾಯಿಗಳು ಮೊಳೆ ಹೊಡೆದ ಎರಡು ಪೆಟ್ಟಿಗೆಗಳನ್ನು ಸ್ಮಶಾನದ ಗೇಟಿನ ಬಳಿ ಇಳಿಸಿ, ಎಂಜಿನ್ ಆರಿಸದೆ ಕಾಯುತ್ತಿದ್ದಾರೆ. ಗುಂಡಿ ತೋಡುವ ಹಿರಿಯರು ಪ್ಯಾಂಟು ಮಡಚಿ ಒಳಗಿಳಿದು ಅಂಚು ಸರಿಮಾಡುತ್ತಾರೆ. ಸಲಿಕೆ ಬಿದ್ದಾಗಲೆಲ್ಲ ಅವರ ತುಟಿ ಅಲ್ಲಾಡುತ್ತದೆ. ನೋಡಿದವರು ಏದುಸಿರು ಅಂದುಕೊಳ್ಳಬೇಕು. ಅದು ಪ್ರಾರ್ಥನೆ.

ದಂಗೆಯ ಹೆಸರಲ್ಲಿ ಹಿಡಿದೊಯ್ದವರು ಸತ್ತರೆ ಪೆಟ್ಟಿಗೆ ತೆರೆಯಕೂಡದು, ಪ್ರಾರ್ಥನೆ ಮಾಡಕೂಡದು ಎಂಬುದು ಸರ್ಕಾರದ ಆಜ್ಞೆ. ಪ್ರಾರ್ಥನಾ ಮಂದಿರದ ಗುರುಗಳು, ಅಧಿಕಾರವೆಲ್ಲ ದೇವರು ಕೊಟ್ಟದ್ದೇ ಎಂದು ಬೋಧಿಸಿ ಕೈತೊಳೆದುಕೊಂಡಿದ್ದಾರೆ. ಕೇಳಿದರೆ, ಪತ್ರಿಕೆಗೆ ಬರೆಯಲು ಬಂದ ನನಗೆ ಮೈ ಉರಿಯುತ್ತದೆ. ಗುಂಡಿ ತೋಡುವ ಇವರಿಗೆ ಸಿಟ್ಟಿಲ್ಲ. “ಗುರುಗಳಿಗೂ ಹೆಂಡ್ತಿ ಮಕ್ಕಳಿದಾರೆ ಸ್ವಾಮಿ. ಅಧಿಕಾರ ದೇವರೇ ಕೊಟ್ಟಿರಬಹುದು. ಆದ್ರೆ ಸತ್ತೋರನ್ನ ಕಸದ ಹಾಗೆ ಮಣ್ಣಿಗೆ ಹಾಕು ಅಂತ ದೇವರು ನನಗಂತೂ ಹೇಳಿಲ್ಲ.”

ಇವರ ಒಬ್ಬನೇ ತಮ್ಮ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕಳೆದ ಚಳಿಗಾಲ ಮನೆ ಬಾಗಿಲಿನಿಂದಲೇ ಅವನನ್ನು ಎಳೆದೊಯ್ದರು. ಇದ್ದಾನೋ ಇಲ್ಲವೋ, ಯಾವ ಠಾಣೆಯೂ ಬಾಯಿ ಬಿಡುವುದಿಲ್ಲ. ಯಾವ ಪೆಟ್ಟಿಗೆಯಲ್ಲಿ ಅವನು ಬರುತ್ತಾನೋ ಗೊತ್ತಿಲ್ಲ. ಹಾಗಾಗಿ ಪ್ರತಿ ಪೆಟ್ಟಿಗೆಯನ್ನೂ ಇವರು ‘ತಮ್ಮಾ’ ಎಂದೇ ಕರೆದು ದೇವರಿಗೆ ಒಪ್ಪಿಸುತ್ತಾರೆ.

ಒಮ್ಮೆ ಆ ಕರೆಯೂ ತಪ್ಪಾಯಿತು. ಹೂತಾದ ಮೇಲೆ ಸಿಪಾಯಿಯೊಬ್ಬ, ಒಳಗಿದ್ದವಳು ನರ್ಸ್ ಎಂದು ಬಾಯಿತಪ್ಪಿ ಅಂದುಬಿಟ್ಟ. “ಲಾರಿ ಹೋದ್ಮೇಲೆ ವಾಪಸ್ ಹೋಗಿ ಕೂತೆ. ತಂಗೀ, ಗೊತ್ತಾಗ್ಲಿಲ್ಲಮ್ಮ, ಬೇಜಾರು ಮಾಡ್ಕೋಬೇಡ ಅಂದೆ. ಮೊದಲಿಂದ ಪ್ರಾರ್ಥನೆ ಮಾಡಿದೆ.”

ಮನೆಯಲ್ಲಿ ಹೆಂಡತಿ ಅವರ ಬೂಟಿನ ಮಣ್ಣು ಕೆರೆಯುತ್ತಿದ್ದಾರೆ. “ಮದುವೆಯಾದಾಗ ನಂಗೆ ಇದ್ದಿದ್ದು ಒಬ್ಬನೇ ಮೈದುನ. ಈಗ ನೋಡಿ, ಸ್ಮಶಾನದ ತುಂಬಾ ಮೈದುನರೇ,” ಎಂದು ನಗಲು ಹೋಗಿ ಕಣ್ಣೊರೆಸಿಕೊಳ್ಳುತ್ತಾರೆ. ಹೋದ ವಾರ ಅಧಿಕಾರಿಯೊಬ್ಬ ಬಂದು, ಇನ್ನೊಮ್ಮೆ ತುಟಿ ಅಲ್ಲಾಡಿದರೆ ಮುಂದಿನ ಪೆಟ್ಟಿಗೆ ನಿನ್ನದೇ ಎಂದು ಬೆದರಿಸಿ ಹೋಗಿದ್ದಾನೆ. ಬಿಟ್ಟುಬಿಡಿ ಎಂದು ಈಕೆ ಗಂಡನ ಕಾಲಿಗೂ ಬಿದ್ದಾಗಿದೆ. ಅವರು ಬಿಟ್ಟಿಲ್ಲ.

ಇದನ್ನು ಪತ್ರಿಕೆಯಲ್ಲಿ ಹಾಕಿದರೆ ನಿಮಗೇ ಅಪಾಯವಲ್ಲವೇ ಎಂದು ಹಿರಿಯರನ್ನು ಕೇಳುತ್ತೇನೆ. ಅವರು ಹೆಂಡತಿಯ ಕೈಯಿಂದ ಬೂಟು ತೆಗೆದುಕೊಂಡು ಉಳಿದ ಮಣ್ಣನ್ನು ತಾವೇ ಕೆರೆಯುತ್ತಾರೆ.

“ಬರೀರಿ. ಬೇರೆ ಊರುಗಳಲ್ಲೂ ಗುಂಡಿ ತೋಡೋರು ಇದಾರಲ್ಲ, ಅವರು ಓದ್ಲಿ. ನಮ್ಮ ಹುಡುಗ ಅವರ ಕೈಗೇ ಸಿಕ್ಕಿದ್ರೆ, ಒಂದು ಸಲ ತಮ್ಮಾ ಅನ್ಲಿ.”