ಗೇರಿಲ್ಲದ ವಿಮಾನ

ಎಂಬತ್ತರ ದಶಕದಲ್ಲಿ ನಮ್ಮ ವಿಮಾನ ಕಾರ್ಖಾನೆಯ ಬಸ್ಸು ವೈಟ್‌ಫೀಲ್ಡ್ ರಸ್ತೆಯ ಏರಿನಲ್ಲಿ ದಿನವೂ ಕೆಟ್ಟು ನಿಲ್ಲುತ್ತಿತ್ತು. ಫಿಟ್ಟರ್ ಮುನಿಯಪ್ಪನವರ ಗುಂಪು ಇಳಿದು ತಳ್ಳುತ್ತಿತ್ತು. ಎಂಜಿನಿಯರನಾದ ನಾನು ಕಿಟಕಿಯ ಪಕ್ಕ ಕೂತು ಪುಸ್ತಕ ಓದುತ್ತಿದ್ದೆ.

ಒಂದು ಬೆಳಿಗ್ಗೆ, ರಿಪೇರಿಯಾದ ಪುಟ್ಟ ವಿಮಾನವೊಂದನ್ನು ಪರೀಕ್ಷೆಗೆಂದು ನೆಲದ ಮೇಲೆ ಓಡಿಸುತ್ತಾ ರನ್‌ವೇ ದಾಟುತ್ತಿದ್ದೆ. ನಟ್ಟನಡುವೆ ವಿಮಾನದೊಳಗಿನ ಕರೆಂಟು ಹೋಯಿತು. ರೇಡಿಯೋ ಸತ್ತಿತು. ಗಾಬರಿಯಲ್ಲಿ ಎಂಜಿನ್ನನ್ನೂ ಆರಿಸಿಬಿಟ್ಟೆ. ಬ್ಯಾಟರಿಯಿಲ್ಲದೆ ಅದು ಮತ್ತೆ ಶುರುವಾಗಲಿಲ್ಲ. ಅಷ್ಟರಲ್ಲಿ ಬೆಳ್ಳಂದೂರು ಕೆರೆಯ ಕಡೆಯಿಂದ ಇನ್ನೊಂದು ವಿಮಾನ ಇಳಿಯಲು ಬರುತ್ತಿರುವುದು ಕಂಡಿತು.

ನಾನು ಕೈಬೀಸುವ ಮೊದಲೇ, ಅಂಚಿನಲ್ಲಿ ನಿಂತಿದ್ದ ಮುನಿಯಪ್ಪನವರ ಗುಂಪು ಓಡಿಬಂದು ರೆಕ್ಕೆಗಳಿಗೆ ಕೈಹಚ್ಚಿ ತಳ್ಳತೊಡಗಿತು.

"ಸೆಕೆಂಡ್ ಗೇರ್ ಹಾಕಿ ಸಾರ್!"

"ಇದಕ್ಕೆ ಗೇರಿಲ್ಲ ಕಣ್ರೀ, ಮುನಿಯಪ್ಪ!"

"ಹಂಗಾದ್ರೆ ಬ್ರೇಕಾದ್ರೂ ಬಿಡಿ ಸಾರ್!"

ನೋಡಿಕೊಂಡರೆ, ನನ್ನ ಎರಡೂ ಕಾಲು ಬ್ರೇಕಿನ ಮೇಲೇ ಇದ್ದವು. ಬಿಟ್ಟೆ. ವಿಮಾನ ಹುಲ್ಲಿನತ್ತ ಉರುಳಿತು. ನಾವು ಪೂರ್ತಿ ಆಚೆ ಸರಿದ ಮೇಲೆ ಆ ಇನ್ನೊಂದು ವಿಮಾನ ಗುಡುಗುತ್ತಾ ಬಂದಿಳಿಯಿತು. ಅವರೆಲ್ಲ ಬಿದ್ದು ಬಿದ್ದು ನಕ್ಕರು, ಜೊತೆಗೆ ನಾನೂ.

ಮರುದಿನ ಬಸ್ಸು ನಿಂತಾಗ ಪುಸ್ತಕ ಮುಚ್ಚಿ ನಾನೂ ಇಳಿದೆ.

"ಬನ್ನಿ ಸಾರ್," ಎಂದರು ಮುನಿಯಪ್ಪ, ಗಂಭೀರವಾಗಿ. "ಇಲ್ಲಿ ಬ್ರೇಕು ಡ್ರೈವರ್ ಕಾಲಲ್ಲಿದೆ. ಭಯವಿಲ್ಲ."

ಆ ಪುಸ್ತಕವನ್ನು ನಾನು ಇನ್ನೂ ಓದಿ ಮುಗಿಸಿಲ್ಲ.